ಕುದ್ರುವಿನ ಹಿಂದೆ ಒಂದು ಹಗಲು

ಹೊಳೆಗೆ ನಾನು ಮೊದಲ ಸಲ ಒಬ್ಬಳೇ ದೋಣಿ ಇಳಿಸಿದ ದಿನ ಮೋಡ ಕವಿದಿತ್ತು ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಆ ವರ್ಷದ ದಿನಚರಿ ತೆಗೆದು ನೋಡಿದರೆ ನನ್ನದೇ ಕೈಬರಹದಲ್ಲಿ ಹೀಗಿದೆ: ‘ಕಡು ಬಿಸಿಲು. ತಲೆಗೆ ಬಟ್ಟೆ ಒಯ್ಯಲು ಮರೆತೆ.’ ಹಾಗಾದರೆ ಆ ಮೋಡ ಎಲ್ಲಿಂದ ಬಂತು? ಬೇರೆ ಯಾವುದೋ ದಿನದ ಮೋಡವನ್ನು ಎಳೆದು ತಂದು ಆ ದಿನದ ಮೇಲೆ ಹೊದಿಸಿರಬೇಕು. ಆದ್ದರಿಂದ ಇದನ್ನು ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿದರೆ ಒಳ್ಳೆಯದು. ನೀರು ಇಳಿದದ್ದು, ಏರಿದ್ದು ಮಾತ್ರ ಸುಳ್ಳಲ್ಲ. ಅದನ್ನು ನೋಡಿದ ಬೇರೆಯವರಿದ್ದಾರೆ.

ಬಿದ್ದ ದಿನದ ನೆನಪಂತೂ ನನ್ನದೇ ಅಲ್ಲ, ಬೇರೆಯವರು ಕೊಟ್ಟದ್ದು. 1997. ಎಂ.ಎ. ಮುಗಿಸಿ ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಲು ಸೇರಿ ಮೂರು ತಿಂಗಳಾಗಿತ್ತು. ಕುಂದಾಪುರದಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆ ಬೆಳಿಗ್ಗೆ ಬಾಗಿಲ ಹತ್ತಿರ ನಿಂತಿದ್ದೆನಂತೆ. ಬಸ್ಸು ತಿರುವಿನಲ್ಲಿ ಬ್ರೇಕ್ ಹಾಕಿತಂತೆ. ನನ್ನ ಕೈಯಲ್ಲಿ ಕೊಡೆ ಇತ್ತೆಂದು ಒಬ್ಬರು ಹೇಳಿದರು, ಉತ್ತರಪತ್ರಿಕೆಗಳ ಕಟ್ಟು ಇತ್ತೆಂದು ಇನ್ನೊಬ್ಬರು. ನನಗೆ ನೆನಪಿರುವುದು ಆಕಾಶ ಬಹಳ ಹತ್ತಿರ ಇದ್ದದ್ದು, ಅಷ್ಟೇ. ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗಿನ ಮೈ ನನ್ನೊಡನೆ ಮಾತು ಬಿಟ್ಟಿತು.

ಆಸ್ಪತ್ರೆಯ ನಾಲ್ಕು ತಿಂಗಳು ದಿನಚರಿ ಖಾಲಿ. ಅದಾದ ಮೇಲಿನ ಪುಟಗಳಲ್ಲಿ ಅಕ್ಷರ ಬೇರೆಯಾಗಿದೆ, ಮಲಗಿ ಬರೆದವರ ಅಕ್ಷರ. ಅಕ್ಷರಗಳು ಮೇಲಕ್ಕೆ ಏರಿ ಏರಿ ಕೊನೆಗೆ ಪುಟದಿಂದ ಹೊರಗೆ ಹೋಗುತ್ತವೆ.

ಪೇಟೆ ಮುಗಿದು ಹೊಳೆ ಶುರುವಾಗುವಲ್ಲಿ ನಮ್ಮ ಮನೆ. ಅಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಅಮ್ಮ ಬೆಳಗಾಗುವ ಮೊದಲೇ ಬಂದರಿಗೆ ಹೋಗಿ ಮೀನು ಕೊಂಡು, ಮಾರ್ಕೆಟ್ಟಿನಲ್ಲಿ ಕೂತು ಮಾರಿ, ಮಧ್ಯಾಹ್ನ ಎರಡಕ್ಕೆ ಮನೆಗೆ ಬರುತ್ತಿದ್ದಳು. ಆಚೆ ಮನೆಯಲ್ಲಿ ಅವಳ ತಮ್ಮ, ನನ್ನ ಮಾವ. ಹೊಳೆಯಲ್ಲಿ ಬಲೆ ಬೀಸುವವನು, ಮದುವೆಯಾಗದವನು, ಮಾತಿಗಿಂತ ಬೀಡಿ ಹೆಚ್ಚು.

ಆ ವರ್ಷಗಳಲ್ಲಿ ನನ್ನನ್ನು ಎತ್ತಿದವರ ಪಟ್ಟಿ ಮಾಡಿದರೆ ಅರ್ಧ ಊರೇ ಬಂದೀತು. ಮದುವೆಗೆ ಎತ್ತಿದರು, ಓಟು ಹಾಕಲು ಎತ್ತಿದರು, ರಿಕ್ಷಾಕ್ಕೆ ಎತ್ತಿದರು, ಇಳಿಸಿದರು. ಎತ್ತಿದವರೆಲ್ಲ ಒಳ್ಳೆಯವರು. ಕಷ್ಟ ಅಲ್ಲೇ ಇತ್ತು. ಒಳ್ಳೆಯವರ ಹೆಗಲ ಮೇಲೆ ಇರುವಾಗ ಎತ್ತ ನೋಡಬೇಕು ಎನ್ನುವುದು ಕೂಡ ಅವರಿಗೆ ಬಿಟ್ಟದ್ದು. ಅಮ್ಮ ನನ್ನ ಹಾಸಿಗೆಯ ಪಕ್ಕ ಒಂದು ಸ್ಟೀಲ್ ತಟ್ಟೆ, ಒಂದು ಸೌಟು ಇಟ್ಟು ಹೋಗುತ್ತಿದ್ದಳು. ಬೇಕಾದಾಗ ಬಡಿದರೆ ಆಚೆ ಮನೆಗೆ ಕೇಳುತ್ತಿತ್ತು. ಆ ಸದ್ದು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಗೆ ನನ್ನ ಊರು ಮುಗಿಯುತ್ತಿತ್ತು.

ನನಗೆ ಬೇಕಾದದ್ದು ಒಂದೇ: ಕೂಗಿದರೆ ಯಾರಿಗೂ ಕೇಳಿಸದ ಕಡೆಗೆ ಹೋಗಿ, ಯಾರೂ ಎತ್ತದೆ ತಿರುಗಿ ಬರುವುದು. ಒಮ್ಮೆ ಅಮ್ಮನಿಗೆ ಹೇಳಿಯೂ ಹೇಳಿದೆ. ಬೂತಾಯಿ ಮೀನಿನ ತಲೆ ತೆಗೆಯುತ್ತಿದ್ದವಳು ಕತ್ತಿ ನಿಲ್ಲಿಸಿ ನನ್ನನ್ನು ನೋಡಿದಳು.

“ಕೂಗ್ರೆ ಕೇಣದಿದ್ ಜಾಗ್ದಗೆ ನಿಂಗೆಂತ ಕೆಲ್ಸ?”

“ಕೆಲ್ಸ ಎಂತ ಇಲ್ಲ. ಸುಮ್ನೆ ಹೋಯ್ಕ್.”

“ಹೋಪುದಾರೆ ಹೋಗ್. ಒಟ್ಟಿಗೆ ಒಬ್ರ್ ಇರ್ಕ್.”

ಆ ಮಾತು ಕಾನೂನಾಯಿತು. ಅವಳ ಕಣ್ಣಲ್ಲಿ ಏನೋ ಹೆದರಿಕೆ ಕಂಡಿತ್ತು. ಸುಮ್ಮನೆ ಹೋಗಬೇಕು ಎಂದದ್ದನ್ನು ಅವಳು ಬೇರೆ ಯಾವ ಅರ್ಥದಲ್ಲಿ ಕೇಳಿಸಿಕೊಂಡಳು ಎಂದು ನನಗೆ ಹೊಳೆಯಲು ಬಹಳ ಕಾಲ ಬೇಕಾಯಿತು.

ದೋಣಿಯ ಯೋಚನೆ ಮಾವನದು. 2002ರ ಮಳೆಗಾಲ ಮುಗಿದ ಮೇಲೆ ಅವನು ತನ್ನ ಸಣ್ಣ ದೋಣಿಯನ್ನು ನಮ್ಮ ಮನೆಯ ಹಿಂದಿನ ಕೆಂಪುಕಲ್ಲಿನ ಮೆಟ್ಟಿಲಿಗೆ ಕಟ್ಟಿ, ನನ್ನ ಗಾಲಿಕುರ್ಚಿಯ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತ. ನಮ್ಮ ಕಡೆ ಹುಡುಗಿಯರನ್ನು ಕರೆಯುವ ಹಾಗೆ ‘ಹೆಣೆ’ ಎಂದು ಕರೆದ.

“ದೋಣಿಯಗೆ ಕಾಲಿಗೆಂತ ಕೆಲ್ಸ ಇತ್ತ್ ಹೆಣೆ? ನಾನೂ ಕೂಕಂಡೇ ಅಲ್ದಾ ಹುಟ್ಟ್ ಹಾಕುದ್?”

ಐದು ವರ್ಷಗಳಲ್ಲಿ ನನಗೆ ಯಾರೂ ಹೇಳದ ಮಾತು ಅದು. ಡಾಕ್ಟರೂ ಹೇಳಿರಲಿಲ್ಲ.

ಹೊಳೆಗೆ ಇಳಿಯಲು ಐದು ಮೆಟ್ಟಿಲು. ಸಮುದ್ರ ಹತ್ತಿರವಾದ್ದರಿಂದ ನಮ್ಮ ಹೊಳೆಯ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ನೀರು ತುಂಬಿದಾಗ ದೋಣಿಯ ಅಂಚು ಯಾವುದಾದರೊಂದು ಮೆಟ್ಟಿಲಿಗೆ ಸಮನಾಗಿ ಬಂದು ನಿಲ್ಲುತ್ತದೆ. ಆಗ ಕೈಯೂರಿ, ಸೊಂಟವನ್ನು ಸರಿಸಿ, ಕಾಲುಗಳನ್ನು ಒಂದೊಂದಾಗಿ ಕೈಯಿಂದಲೇ ಎತ್ತಿಟ್ಟು, ಕಲ್ಲಿನಿಂದ ದೋಣಿಗೆ ಜಾರಬಹುದು. ನೀರು ಇಳಿದಿದ್ದರೆ ಸಾಧ್ಯವಿಲ್ಲ. ಕೆಳಗಿನ ಮೆಟ್ಟಿಲಿಗೆ ಪಾಚಿ, ಅದರ ಕೆಳಗೆ ಕೆಸರು. ಮಾವ ದೋಣಿಯ ನಡುವೆ ಬೆನ್ನಿಗೊಂದು ಹಲಗೆ ಕಟ್ಟಿದ. ಕೂರಲು ಸ್ಕೂಟರಿನ ಹಳೆಯ ಟ್ಯೂಬಿಗೆ ಗಾಳಿ ತುಂಬಿಸಿ ಇಟ್ಟ. ನನಗೆ ಅದು ತೀರಾ ಅಗತ್ಯ. ಒಂದೇ ಕಡೆ ಭಾರ ಬಿದ್ದರೆ ಚರ್ಮ ಹುಣ್ಣಾಗುತ್ತದೆ, ಹುಣ್ಣಾದದ್ದು ನನಗೇ ತಿಳಿಯುವುದಿಲ್ಲ. ಗಂಟೆಗೆ ನಾಲ್ಕು ಸಲವಾದರೂ ಕೈಯೂರಿ ಮೈ ಎತ್ತಿ ಇಳಿಸಬೇಕು.

ಮಾವ ಮುಂದೆ ಕೂತು ನನಗೆ ಬೆನ್ನು ಹಾಕಿ ಬೀಡಿ ಸೇದುತ್ತಿದ್ದ. ನಾನು ಹುಟ್ಟು ಹಾಕುತ್ತಿದ್ದೆ. ದೋಣಿ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು.

“ಎಂ.ಎ. ಮಾಡದ್ ಕೈ ಅಲ್ದಾ,” ಎನ್ನುತ್ತಿದ್ದ ಹಿಂತಿರುಗದೆ. “ನೀರಿಗೂ ಪಾಠ ಹೇಳುಕ್ ಹೋತಾ ಇತ್ತ್.”

ಕೈ ಕಲಿಯಿತು. ದೋಣಿ ದಡ ಬಿಟ್ಟ ಮೇಲೆ ಒಂದು ವಿಚಿತ್ರ ಅನುಭವವಾಗುತ್ತಿತ್ತು, ಅದನ್ನು ದಿನಚರಿಯಲ್ಲಿ ಮೂರು ಬಗೆಯಾಗಿ ಬರೆದು ಮೂರನ್ನೂ ಹೊಡೆದುಹಾಕಿದ್ದೇನೆ. ಮಾತು ಬಿಟ್ಟ ಕಾಲುಗಳು ನೀರಿನ ಉದ್ದಕ್ಕೆ ಬೆಳೆದು ತಳದ ಮರಳನ್ನು ಮುಟ್ಟಿದಂತೆ, ನಾನು ಹೊಳೆಯೊಳಗೆ ನಿಧಾನವಾಗಿ ನಡೆಯುತ್ತಿರುವಂತೆ. ಸರಿಯಾಗಿ ಹೇಳಲು ಈಗಲೂ ಬರುವುದಿಲ್ಲ.

ನೀರು ಯಾವಾಗ ತುಂಬುತ್ತದೆ ಎನ್ನುವುದಕ್ಕೆ ಮಾವನ ಲೆಕ್ಕ ಬಾಯಲ್ಲೇ ಇತ್ತು. “ಅಮಾಸಿ, ಹುಣ್ಣಮಿಗೆ ಹನ್ನೊಂದ್ ಗಂಟೆ ಹೊತ್ತಿಗ್ ತುಂಬತ್ತ್. ಅಲ್ಲಿಂದ ದಿನಕ್ ಎರಡ್ ಗಳ್ಗಿ ತಡ.” ಒಂದು ಗಳಿಗೆ ಎಂದರೆ ಇಪ್ಪತ್ತನಾಲ್ಕು ನಿಮಿಷ. ತಿಥಿ ಎಷ್ಟೆಂದು ಗೊತ್ತಿದ್ದರೆ ನೀರಿನ ಹೊತ್ತು ಗೊತ್ತಾದಂತೆ. ಅವನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದ. ನಾನು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಪಾಡ್ಯದಿಂದ ಹದಿನೈದರವರೆಗೆ ಅಂಕಿ ಬರೆದು, ಎದುರಿಗೆ ಗಂಟೆ ಬರೆದು ಚೆಂದದ ಒಂದು ಪಟ್ಟಿ ಮಾಡಿಕೊಂಡೆ. ಓದಿದವರಿಗೆ ಪಟ್ಟಿ ಬೇಕಲ್ಲ.

2003ರ ಜನವರಿ ಕೊನೆಯಲ್ಲಿ ಮಾವ ಬೈಂದೂರಿನಲ್ಲಿ ಯಾರದೋ ಮನೆ ಒಕ್ಕಲಿಗೆಂದು, ಅಂದರೆ ಗೃಹಪ್ರವೇಶಕ್ಕೆ, ಮೊದಲ ಬಸ್ಸಿಗೆ ಹೋದ. ಅಮ್ಮ ಬಂದರಿಗೆ ಹೋಗಿಯಾಗಿತ್ತು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಹದಿಮೂರು. ಪಟ್ಟಿಯಲ್ಲಿ ಹದಿಮೂರಕ್ಕೆ ಎದುರು ಒಂಬತ್ತೂಕಾಲು ಗಂಟೆ. ಮೆಟ್ಟಿಲ ಹತ್ತಿರ ಬಂದಾಗ ಆರೂವರೆ. ನೀರು ಮೂರನೇ ಮೆಟ್ಟಿಲಿನವರೆಗೆ ಬಂದಿತ್ತು. ಈಗಲೇ ಇಷ್ಟು, ಒಂಬತ್ತರ ಹೊತ್ತಿಗೆ ಇನ್ನೆರಡು ಮೆಟ್ಟಿಲು ಏರುತ್ತದೆ ಎಂದುಕೊಂಡೆ. ನೀರಿನ ಜೊತೆಗೇ ಹೋಗಿ ನೀರಿನ ಜೊತೆಗೇ ಬಂದರಾಯಿತು.

ಗಾಲಿಕುರ್ಚಿಯನ್ನು ಮೇಲೆ ಬಿಟ್ಟು, ಮೆಟ್ಟಿಲುಗಳನ್ನು ಕೂತೇ ಇಳಿದು ದೋಣಿಗೆ ಜಾರಿದೆ. ಅಮ್ಮನಿಗೆ ಚೀಟಿ ಬರೆದಿಡಬೇಕಿತ್ತೆ? ಅವಳು ಬರುವ ಮೊದಲೇ ಬಂದಿರುತ್ತೇನಲ್ಲ ಎಂದುಕೊಂಡೆ ಅನಿಸುತ್ತದೆ. ಅಥವಾ ಬೇಕೆಂದೇ ಬರೆಯಲಿಲ್ಲವೋ. ಇದನ್ನು ನನ್ನಲ್ಲೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಹೊಳೆಯ ನಡುವೆ ತೆಂಗು ತುಂಬಿದ ಒಂದು ನಡುಗಡ್ಡೆ ಇದೆ, ನಮ್ಮ ಕಡೆ ಇಂಥವನ್ನು ಕುದ್ರು ಎನ್ನುತ್ತೇವೆ. ಅದರ ಆಚೆಗೆ ಹೋದರೆ ನಮ್ಮ ಮನೆಯವರ ಕೂಗು ಕೇಳುವುದಿಲ್ಲ. ಮಾವ ಒಮ್ಮೆಯೂ ಅಲ್ಲಿಗೆ ಕರೆದೊಯ್ದಿರಲಿಲ್ಲ. ನಾನು ಹೋದೆ. ನೀರಿನ ಮೇಲೆ ತೆಳ್ಳಗೆ ಮಂಜಿತ್ತು. ಹುಟ್ಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕುದ್ರುವಿನ ತುದಿ ದಾಟಿದ ಮೇಲೆ ಹುಟ್ಟು ಎತ್ತಿಟ್ಟು ಸುಮ್ಮನೆ ಕೂತೆ. ಸಣ್ಣದಾಗಿ “ಹ್ವಾಯ್” ಎಂದೆ. ಆಮೇಲೆ ಗಂಟಲು ಬಿಚ್ಚಿ ಕೂಗಿದೆ. ಒಂದು ಬೆಳ್ಳಕ್ಕಿ ತಲೆ ತಿರುಗಿಸಿತು, ಹಾರಲಿಲ್ಲ. ಯಾರಿಗೂ ಕೇಳಲಿಲ್ಲ. ಆಗ ನನಗೆ ನಗು ಬಂತೋ ಅಳು ಬಂತೋ ಬರೆದಿಟ್ಟಿಲ್ಲ.

ಅಲ್ಲಿ ಎಷ್ಟು ಹೊತ್ತು ತೇಲಿದೆನೋ. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಬೇರುಗಳು ಮೆಲ್ಲಗೆ ಉದ್ದವಾಗುತ್ತಿವೆ ಎಂದು ತೋರಿತು. ಗಿಡ ಕಣ್ಣೆದುರೇ ಬೆಳೆಯುವುದುಂಟೇ ಎಂದು ಅದನ್ನೇ ಕನಸಿನಲ್ಲಿ ನೋಡಿದಂತೆ ನೋಡುತ್ತಿದ್ದೆ. ಬೇರು ಬೆಳೆಯುತ್ತಿರಲಿಲ್ಲ, ನೀರು ಇಳಿಯುತ್ತಿತ್ತು. ಅದು ಹೊಳೆಯುವ ಹೊತ್ತಿಗೆ ದೋಣಿಯ ತಳ ಸರ್ ಎಂದು ಕೆಸರಿಗೆ ತಾಗಿತು. ಹುಟ್ಟಿನಿಂದ ನೂಕಿದೆ. ಹುಟ್ಟು ಮೊಳದಷ್ಟು ಹೂತಿತು, ದೋಣಿ ಅಲುಗಲಿಲ್ಲ. ಗಡಿಯಾರದಲ್ಲಿ ಒಂಬತ್ತು. ನೀರು ತುಂಬಿ ತುಳುಕಬೇಕಾದ ಹೊತ್ತು.

ಒಂದು ಗಂಟೆಯೊಳಗೆ ಸುತ್ತ ನೀರೇ ಇಲ್ಲದಂತಾಯಿತು. ಹೊಳೆ ಇದ್ದಲ್ಲಿ ಬೂದುಬಣ್ಣದ ಒಂದು ಬಯಲು, ಅದರ ತುಂಬ ಸಣ್ಣ ಸಣ್ಣ ಏಡಿಗಳು, ಅಲ್ಲಲ್ಲಿ ಉಳಿದ ನೀರಿನಲ್ಲಿ ಆಕಾಶದ ತುಂಡುಗಳು. ಹೆದರಿಕೆಯಾಗಬೇಕಿತ್ತು. ಆಯಿತು ಕೂಡ, ಆದರೆ ದೂರದಿಂದ, ಬೇರೆ ಯಾರಿಗೋ ಆದಂತೆ. ನಾನು ಕೈಯೂರಿ ಮೈ ಎತ್ತುತ್ತಿದ್ದೆ, ಇಳಿಸುತ್ತಿದ್ದೆ. ಗಡಿಯಾರ ನೋಡುತ್ತಿದ್ದೆ. ಮತ್ತೆ ಎತ್ತುತ್ತಿದ್ದೆ.

ಹನ್ನೊಂದರ ಸುಮಾರಿಗೆ ಕೆಸರಿನ ಆಚೆ ತುದಿಯಲ್ಲಿ ನಾಲ್ಕು ಜನ ಹೆಂಗಸರು ಕಂಡರು. ಆಚೆ ದಡದಿಂದ ಕಪ್ಪೆಚಿಪ್ಪು ಹೆಕ್ಕಲು ಬಂದವರು, ಸೀರೆ ಮೇಲೆ ಕಟ್ಟಿ, ಬುಟ್ಟಿ ಎಳೆದುಕೊಂಡು. ಎಲ್ಲರಿಗಿಂತ ಹಿರಿಯಳು ಮೊಣಕಾಲುದ್ದ ಕೆಸರು ತುಳಿದು ಹತ್ತಿರ ಬಂದಳು.

“ಹ್ವಾಯ್, ದೋಣಿಯಗ್ ಯಾರದ್?” ಎಂದವಳು ಮುಖ ನೋಡಿ ದನಿ ಬದಲಿಸಿದಳು. “ಅಯ್ಯೋ, ಮೀನ್ ಮಾರು ಅಕ್ಕನ ಮಗ್ಳಾ? ಇಲ್ಲೆಂತ ಮಾಡ್ತಿದ್ದೆ ಹೆಣೆ?”

“ನೀರ್ ಕಾಯ್ತಾ ಇದ್ದೆ ದೊಡ್ಡಮ್ಮ.”

“ಇವತ್ ದಶಮಿ ಅಲ್ದಾ. ನೀರ್ ಬಪ್ದ್ ಇನ್ ಸಂಜಿಗೇ.”

“ತ್ರಯೋದಶಿ ಅಲ್ದಾ ಇವತ್?”

“ಯಾರ್ ಹೇಳ್ದ್ ನಿಂಗೆ? ನಾಳೆ ಏಕಾದಶಿ ಉಪಾಸ ಅಂದೇಳಿ ನಮ್ಮನಿ ಮುದ್ಕ ಇವತ್ತೇ ಎರಡ್ ಸರ್ತಿ ಉಂಡ್ಕಂಡ್ ಕೂಕಂಡಿತ್ತ್.”

ಆಗ ತಿಳಿಯಿತು. ನಮ್ಮ ಕರಾವಳಿಯ ಕ್ಯಾಲೆಂಡರುಗಳಲ್ಲಿ ತಾರೀಕಿನ ಪಕ್ಕ ಎರಡು ಲೆಕ್ಕ ಇರುತ್ತದೆ. ಒಂದು ಚಂದ್ರನ ತಿಥಿ. ಇನ್ನೊಂದು ಸಂಕ್ರಮಣದಿಂದ ಎಣಿಸುವ ಸೂರ್ಯನ ತಿಂಗಳಿನ ದಿನ. ಜಾತಕ, ಹುಟ್ಟುಹಬ್ಬ ಎಲ್ಲ ಇದರಲ್ಲಿ ನಡೆಯುವುದರಿಂದ ಕಣ್ಣಿಗೆ ಮೊದಲು ಬೀಳುವುದು ಇದೇ. ನಾನು ನೋಡಿದ್ದು ಮಕರ ಮಾಸದ ಹದಿಮೂರು. ಹೊಳೆಯ ನೀರು ಚಂದ್ರನ ಮಾತು ಕೇಳುತ್ತದೆ, ನಾನು ಸೂರ್ಯನನ್ನು ಕೇಳಿ ಹೊರಟಿದ್ದೆ. ಆರೂವರೆಗೆ ಮೂರನೇ ಮೆಟ್ಟಿಲಿನಲ್ಲಿ ಕಂಡದ್ದು ಅರ್ಧ ನೀರಲ್ಲ, ಆ ದಿನದ ಪೂರಾ ನೀರು.

ಹೇಳಿದಾಗ ನಾಲ್ವರೂ ಬುಟ್ಟಿ ಬಿಟ್ಟು ನಕ್ಕರು.

“ತುಂಬ ಓದಿರ್ ಹೀಂಗ್ ಆತ್ತಂಬ್ರಾ?” ಎಂದಳು ದೊಡ್ಡಮ್ಮ. ನಗು ನಿಂತ ಮೇಲೆ ಸೆರಗಿನಲ್ಲಿ ಕೈ ಒರೆಸಿದಳು. “ಆಯ್ತ್, ನಾವ್ ನಾಲ್ಕ್ ಜನ ಇದ್ದೊ. ಎತ್ಕಂಡ್ ಹೋಯಿ ದಡಕ್ ಬಿಡ್ತೊ. ಬಾ.”

“ಬ್ಯಾಡ ದೊಡ್ಡಮ್ಮ.”

“ಎಂತಕೆ? ನಾವ್ ಮುಟ್ಟಿರೆ ಕರಗ್ತ್ಯಾ?”

“ಎತ್ತಿಸ್ಕಂಡ್ ಸಾಕಾಯ್ತ್. ನೀರ್ ಬಂದ್ಮೇಲೆ ನಾನೇ ಹೋತೆ.”

ಅವಳು ನನ್ನ ಕಾಲು ನೋಡಿದಳು, ಟ್ಯೂಬ್ ನೋಡಿದಳು, ಹುಟ್ಟು ನೋಡಿದಳು. “ಹಾಂಗಾರೆ ಕೂಕೊ,” ಎಂದಳು, ಅಷ್ಟೇ. ಆಮೇಲೆ ನಾನು ಸಂಕೋಚದಿಂದ ಒಂದು ಸಹಾಯ ಕೇಳಿದೆ. ಮೂತ್ರಕ್ಕೆ ನಾನು ನಳಿಗೆ ಹಾಕಿಕೊಳ್ಳಬೇಕು, ಸುತ್ತ ಮರೆಯಿಲ್ಲ. ನಾಲ್ವರೂ ದೋಣಿಗೆ ಬೆನ್ನು ಮಾಡಿ ಸುತ್ತ ನಿಂತರು. ನಿಂತಲ್ಲೇ, ಈ ವರ್ಷ ಚಿಪ್ಪು ಸಣ್ಣದು ಎಂದು ಮಾತಾಡಿಕೊಂಡರು. ಅವರ ಬೆನ್ನುಗಳು ನನಗೆ ಈಗಲೂ ಚೆನ್ನಾಗಿ ನೆನಪಿವೆ. ಹಾಗೆಂದು ನಂಬಿದ್ದೇನೆ.

ಎರಡು ಗಂಟೆಗೆ ಅಮ್ಮನ ದನಿ ಬಂತು.

ಕುದ್ರುವಿನ ಆಚೆಯ ಕೂಗು ಕೇಳುವುದಿಲ್ಲ ಎಂದೆನಲ್ಲ, ನೀರು ಇಳಿದು ಬಯಲಾದಾಗ ಕೇಳುತ್ತದೆ ಎಂದು ಗೊತ್ತಿರಲಿಲ್ಲ. ಅದೂ ಮೂವತ್ತು ವರ್ಷ ಮಾರ್ಕೆಟ್ಟಿನಲ್ಲಿ ಪಳಗಿದ ಗಂಟಲು. ಅವಳು ಮನೆಗೆ ಬಂದು ಕಂಡದ್ದು ಹೊಳೆಯ ಅಂಚಿನಲ್ಲಿ ಖಾಲಿ ಗಾಲಿಕುರ್ಚಿ. ಅದು ಅವಳಿಗೆ ಹೇಗೆ ಕಂಡಿರಬೇಕು ಎಂದು ಆ ದನಿಯಿಂದಲೇ ನನಗೆ ಮೊದಲ ಬಾರಿ ಅರ್ಥವಾಯಿತು. ಅದರಲ್ಲಿ ಸಿಟ್ಟಿರಲಿಲ್ಲ. “ಹೆಣೇ” ಎನ್ನುವ ಒಂದೇ ಮಾತು, ಮತ್ತೆ ಮತ್ತೆ. ನಾನು ಹುಟ್ಟು ಎತ್ತಿ ಬೀಸಿದೆ, ಅದು ಅವಳಿಗೆ ಕಾಣಲಿಲ್ಲ.

ದೊಡ್ಡಮ್ಮ ಕುದ್ರುವಿನ ತುದಿಗೆ ನಡೆದು ಹೋಗಿ, ನನಗೂ ಕಾಣುವ, ಅಮ್ಮನಿಗೂ ಕಾಣುವ ಜಾಗದಲ್ಲಿ ನಿಂತಳು.

“ಇಲ್ಲೇ ಇತ್ತ್ ನಿನ್ ಮಗ್ಳ್! ಜೀವ ಇತ್ತ್! ನಾಲ್ಗಿಯೂ ಇತ್ತ್!”

ಆಚೆಯಿಂದ ಅಮ್ಮ: “ಎತ್ಕಂಡ್ ಬನಿ ಮರಾಯ್ತಿ! ನಿಮ್ ಕಾಲ್ ಹಿಡೀತೆ!”

ದೊಡ್ಡಮ್ಮ ನನ್ನ ಕಡೆ ತಿರುಗಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಆ ಕ್ಷಣದಲ್ಲಿ ‘ಹೂಂ’ ಎಂದಿದ್ದರೆ ಅಮ್ಮನಿಗೆ ಮೂರು ಗಂಟೆಯ ಸಂಕಟ ಕಡಿಮೆಯಾಗುತ್ತಿತ್ತು. ಅದು ಧೈರ್ಯವೋ, ಹಟವೋ, ಹೆತ್ತವಳ ಮೇಲೆ ಕರುಣೆ ಇಲ್ಲದಿರುವುದೋ ನಾನು ತೀರ್ಮಾನಿಸಿಲ್ಲ.

“ಬತ್ತಿಲ್ಯಂಬ್ರ್!” ದೊಡ್ಡಮ್ಮ ಕೂಗಿದಳು, ನನಗೆ ದೊಡ್ಡವರಿಗೆ ಕೊಡುವ ಮರ್ಯಾದೆ ಕೊಟ್ಟು. “ನೀರ್ ಬಂದ್ಮೇಲ್ ಅವ್ರೇ ಬತ್ರಂಬ್ರ್! ನೀನ್ ಉಂಡ್ಕೊ ಹೋಗ್!”

ಅಮ್ಮ ಉಣ್ಣಲು ಹೋಗಲಿಲ್ಲ. ನಮ್ಮ ದಡದ ಕೆಳಗಿನ ಕೆಸರು ಆಳ, ಒಬ್ಬಳೇ ಇಳಿದು ದಾಟುವಂತಿರಲಿಲ್ಲ. ಕುದ್ರುವಿನ ತೆಂಗುಗಳ ಸಂದಿನಿಂದ ನಮ್ಮ ಮೆಟ್ಟಿಲು ಒಂದಿಷ್ಟು ಕಾಣುತ್ತಿತ್ತು. ಅವಳು ನನ್ನ ಗಾಲಿಕುರ್ಚಿಯಲ್ಲಿ ಕೂತು ಈ ಕಡೆ ನೋಡುತ್ತಿದ್ದಳು, ನನ್ನ ನೆನಪಿನಲ್ಲಿ. ಕೇಳಿದರೆ ಅವಳು ಒಪ್ಪುವುದಿಲ್ಲ. “ನಾನೆಂತಕೆ ಅದ್ರಗೆ ಕೂಕಣ್ಲಿ? ನಿಂತ್ಕಂಡೇ ಇದ್ದೆ,” ಎನ್ನುತ್ತಾಳೆ. ಅಷ್ಟು ದೂರದಿಂದ ಕಾಣುತ್ತಿತ್ತೇ ಎಂದು ಆಮೇಲೆ ಎರಡು ಸಲ ಅಲ್ಲಿಗೇ ಹೋಗಿ ನೋಡಿದ್ದೇನೆ. ಒಮ್ಮೆ ಕಾಣುತ್ತದೆ ಅನಿಸಿತು, ಒಮ್ಮೆ ಇಲ್ಲ.

ನೀರಿಗಿಂತ ಮೊದಲು ಅದರ ಸದ್ದು ಬಂತು, ಕೆಸರಿನ ತೂತುಗಳಿಂದ ಸಣ್ಣ ಗುಳ್ಳೆಗಳು ಒಡೆಯುವ ಸದ್ದು. ಏಡಿಗಳು ಮಾಯವಾದವು. ಚಿಪ್ಪಿನ ಹೆಂಗಸರು ಬುಟ್ಟಿ ತುಂಬಿಕೊಂಡು, “ಬತ್ತೊ ಹೆಣೆ, ಕ್ಯಾಲೆಂಡರ್ ಕಾಂಬುಕ್ ಕಲಿ,” ಎಂದು ಹೊರಟರು. ಬಯಲಿನ ಮೇಲೆ ಒಂದು ಹೊಳಪು ತೆವಳಿಕೊಂಡು ಬಂದು ದೋಣಿಯನ್ನು ಸುತ್ತಿತು. ದೋಣಿ ಯಾವಾಗ ತೇಲಿತು ಎಂದು ನನ್ನ ಮೈಗೆ ಗೊತ್ತಾಗಲಿಲ್ಲ, ಗೊತ್ತಾಗುವುದೂ ಇಲ್ಲ. ಕಣ್ಣಿಗೆ ಗೊತ್ತಾಯಿತು. ಎದುರಿನ ತೆಂಗಿನ ಮರ ಮೆಲ್ಲಗೆ ಎಡಕ್ಕೆ ಸರಿಯಿತು. ಆಮೇಲೆ ಇನ್ನೊಂದು ಮರ. ಇಡೀ ಕುದ್ರು ಯಾರಿಗೋ ದಾರಿ ಬಿಡಲೆಂಬಂತೆ ತಿರುಗಿತು. ಆಗ ಐದು ಗಂಟೆ ಇರಬೇಕು.

ಕೈ ಸೋತಿತ್ತು. ಏರುವ ನೀರು ಅರ್ಧ ಕೆಲಸ ಮಾಡಿತು. ಮೆಟ್ಟಿಲಿನ ಹತ್ತಿರ ಬಂದಾಗ ಇನ್ನೂ ಬೆಳಕಿತ್ತು, ನೀರು ಮೂರನೇ ಮೆಟ್ಟಿಲಿಗೆ ಇನ್ನೊಂದು ಗೇಣು ಇರುವಾಗ ಬಂದಿದ್ದೆ. ಮಾವ ಬೈಂದೂರಿನಿಂದ ಬಂದು, ಮನೆ ಒಕ್ಕಲಿನ ಬಿಳಿ ಅಂಗಿಯಲ್ಲೇ ಕೆಳಗಿಳಿದು ಎರಡೂ ಕೈ ಚಾಚಿದ.

“ಮುಟ್ಬೇಡ,” ಎಂದಳು ಅಮ್ಮ.

“ಅಕ್ಕ, ಸುಸ್ತಾಯ್ತ್ ಅದ್ಕೆ...”

“ಮುಟ್ಬೇಡ ಅಂದೆ ಅಲ್ದಾ. ನೀರ್ ಬರ್ಲಿ. ಅದೇ ಹತ್ತಲಿ.”

ಮಾವ ಕೈ ಹಿಂದೆ ತೆಗೆದ. ನಾವು ಮೂವರೂ ಆ ಒಂದು ಗೇಣು ನೀರಿಗೆ ಕಾದೆವು. ದೋಣಿಯ ಅಂಚು ಕಲ್ಲಿಗೆ ಸಮನಾದಾಗ ನಾನು ಕೈಯೂರಿದೆ. ಸೊಂಟ ಸರಿಸಿದೆ, ಕಾಲು ಎತ್ತಿಟ್ಟೆ. ಮೇಲಿನ ಎರಡು ಮೆಟ್ಟಿಲಿಗೆ ಎಷ್ಟು ಹೊತ್ತು ಹಿಡಿಯಿತೋ, ಕೈ ಎರಡು ಸಲ ಕೈಕೊಟ್ಟಿತು. ಅಮ್ಮ ಕುರ್ಚಿಯ ಬ್ರೇಕ್ ಹಿಡಿದು ನಿಂತಿದ್ದಳು, ಕುರ್ಚಿಯನ್ನು ಮಾತ್ರ.

ಬೈಗುಳ ಆಮೇಲೆ, ಒಳಗೆ. ನನ್ನನ್ನು ಮಗುಚಿ ಹಾಕಿ ನೋಡಿದಾಗ ಬಲಗಡೆ ಅಂಗೈಯಗಲ ಕೆಂಪಾಗಿತ್ತು. ಮೂರು ವಾರ ಬೋರಲಾಗಿ ಮಲಗಿದೆ. ಆ ದಿನಗಳ ದಿನಚರಿಯ ಅಕ್ಷರಗಳು ಮತ್ತೆ ಮೇಲಕ್ಕೆ ಏರಿ ಪುಟ ಬಿಟ್ಟು ಹೋಗಿವೆ. ಆ ಮೂರು ವಾರ ಅಮ್ಮ ಹೊಳೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಗಾಯ ಮಾಗಿದ ಮೇಲೆ ಏನು ಹೇಳುತ್ತಾಳೋ, ದೋಣಿಯನ್ನು ಬಿಚ್ಚಿಸಿಬಿಡುತ್ತಾಳೋ ಎಂದು ಕಾಯುತ್ತಿದ್ದೆ.

ನಾನು ಮತ್ತೆ ಕುರ್ಚಿಗೆ ಬಂದ ಮರುದಿನ ಅವಳು ಬಂದರಿಗೆ ಹೊರಡುವಾಗ ಬಾಗಿಲಲ್ಲಿ ನಿಂತಳು. ಬುಟ್ಟಿ ಸೊಂಟದಲ್ಲಿತ್ತು. “ಒಟ್ಟಿಗೆ ಒಬ್ರ್” ಎನ್ನುವ ಮಾತಿಗೆ ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ.

“ಇವತ್ ಊಟಕ್ ಬತ್ಯಾ, ಇಲ್ಯಾ?” ಎಂದಳು. “ಇಲ್ಲಾಂದ್ರೆ ಅನ್ನ ಕಮ್ಮಿ ಇಡ್ತೆ.”

ಅವಳು ಕಾನೂನು ಹಿಂದೆ ತೆಗೆದುಕೊಂಡದ್ದು ಹೀಗೆ. ಆಮೇಲಿನ ವರ್ಷಗಳಲ್ಲಿ ನಾನು ಕಾಲೇಜಿಗೆ ಮತ್ತೆ ಸೇರಿದೆ. ಹಿಂದೆ ಎರಡು ಚಕ್ರ ಹೆಚ್ಚಿಗೆ ಜೋಡಿಸಿದ ಸ್ಕೂಟರ್ ಬಂತು. ಸಿದ್ದಾಪುರದ ಏರು, ಕೊಲ್ಲೂರಿನ ಕಾಡಿನ ದಾರಿ, ಬೈಂದೂರಿನ ಒತ್ತಿನೆಣೆ ಗುಡ್ಡದ ಮೇಲೆ ನಿಂತು ಕೆಳಗೆ ಕಾಣುವ ಸಮುದ್ರ, ಎಲ್ಲಕ್ಕೂ ಒಬ್ಬಳೇ ಹೋದೆ. ಎಷ್ಟೋ ಸಲ ದಾರಿ ತಪ್ಪಿದೆ, ಎರಡು ಸಲ ಸ್ಕೂಟರ್ ಸಮೇತ ಚರಂಡಿಗೆ ಬಿದ್ದೆ. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ಎಂದು ಅಮ್ಮ ಕೇಳಿದ್ದಿಲ್ಲ. ಹೊರಡುವಾಗ ಒಳಗಿನಿಂದ ಅನ್ನದ ಅಕ್ಕಿ ಅಳೆಯುವ ಸದ್ದು ನಿಲ್ಲುತ್ತದೆ. ನಾನು ಬಾಗಿಲಿನಿಂದಲೇ “ಬತ್ತೆ” ಎನ್ನುತ್ತೇನೆ, ಇಲ್ಲವೇ “ಇಲ್ಲ” ಎನ್ನುತ್ತೇನೆ. ಅಳೆಯುವ ಸದ್ದು ಮತ್ತೆ ಶುರುವಾಗುತ್ತದೆ.